ಕಪ್ಪು ಕಾರಿನ ಮೇಲಿನ ಬಿಳಿ ಚುಕ್ಕೆ

2025ರ ಏಪ್ರಿಲ್ ಎಂಟು, ಮಂಗಳವಾರ, ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಸುಧಾರಾಣಿ ತನ್ನ ಶೆಡ್ಡಿನ ಮುಂದೆ ಮೂರು ಬಕೆಟ್ ಸಾಲಾಗಿಟ್ಟು, ಒಂದೊಂದರಲ್ಲೂ ಪೆನ್ನಿನಷ್ಟುದ್ದದ ಮೀಟರ್ ಅದ್ದಿ, ನೀರಿನಲ್ಲಿ ಎಷ್ಟು ಲವಣ ಕರಗಿದೆ ಎಂದು ನೋಡುತ್ತಿದ್ದಳು. ಪಕ್ಕದ ಟೈರ್ ಅಂಗಡಿಯ ಬೋರಿನ ನೀರು 1,640 ತೋರಿಸಿತು. ನಳದ ನೀರು 410. ಬ್ಯಾಟರಿಗೆ ಹಾಕುವ ನೀರು 3. ಮೂರೂ ಅಂಕಿಗಳನ್ನು ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದು, ಮೊದಲನೆಯ ಬಕೆಟ್ಟನ್ನು ಬೇವಿನ ಗಿಡದ ಬುಡಕ್ಕೆ ಸುರಿದಳು.

"ಗಿಡಾನೂ ಮುಖಾ ಕಿವುಚತೈತಿ ನೋಡು," ಅಂದಳು.

"ಅದ ನೀರಾಗ ನಾ ಚಾ ಮಾಡ್ತೇನಿ, ಬೇ," ಎಂದು ರಸ್ತೆಯ ಆಚೆಯಿಂದ ಬೀಬಿಜಾನ ಕೂಗಿದಳು. ಬೀಬಿಜಾನಳಿಗೆ ಅರವತ್ತು ದಾಟಿದೆ. ವಿಜಯಪುರದಿಂದ ತಿಕೋಟಾಕ್ಕೆ ಹೋಗುವ ರಸ್ತೆಯಲ್ಲಿ ಅವಳ ಚಹಾದ ಗಾಡಿ ಸುಧಾರಾಣಿಯ ಶೆಡ್ಡಿಗಿಂತ ಹಳೆಯದು.

"ಕುಡದವರ ಮುಖಾ ನೋಡೇನಿ ತಗೋ."

"ದಿನಾ ಎರಡು ಕಪ್ ಕುಡೀತಿಯಲ್ಲ?"

"ನನ್ನ ಮುಖಾ ಮೊದಲ ಹಿಂಗ ಐತಿ."

ಸುಧಾರಾಣಿಯ ಕಸುಬು ಕಾರಿನ ಬಣ್ಣದ ಮೇಲೆ ಕೂತ ನೀರಿನ ಕಲೆ ಬಿಡಿಸುವುದು. ಬರೀ ಕಾರು ತೊಳೆಯುವವರು ಊರಿನಲ್ಲಿ ಬೇಕಾದಷ್ಟು ಜನರಿದ್ದಾರೆ. ಅವರು ತೊಳೆದು ಬಿಟ್ಟದ್ದನ್ನು ಸರಿ ಮಾಡುವವಳು ಇವಳು. ನಲವತ್ತೇಳು ವರ್ಷ. ಕಾರು ಓಡಿಸಲು ಬರುವುದಿಲ್ಲ, ಕಲಿಯುವ ಮನಸ್ಸೂ ಇಲ್ಲ. ಕಾರು ಇಟ್ಟುಕೊಂಡವರ ಬಗ್ಗೆ ಅವಳಿಗೆ ಒಳ್ಳೆಯ ಅಭಿಪ್ರಾಯವಿರಲಿಲ್ಲ, ಮತ್ತು ಅದನ್ನು ಅವರ ಮುಂದೆ ಮುಚ್ಚಿಡುವ ರೂಢಿಯೂ ಇರಲಿಲ್ಲ. ನಿವೃತ್ತ ಅಧಿಕಾರಿಯೊಬ್ಬರು ಬಾನೆಟ್ಟಿನ ಚುಕ್ಕೆಗಳಿಗೆ ಇಡೀ ಟ್ಯೂಬ್ ಹಲ್ಲಿನ ಪೇಸ್ಟ್ ಹಚ್ಚಿ ತಿಕ್ಕಿಸಿ ತಂದಾಗ ಅವಳು ಬಗ್ಗಿ ಮೂಸಿ, "ಇದರ ಬಾಯೀನೂ ಮುಕ್ಕಳಿಸಿದ್ರೇನ್ರಿ?" ಎಂದು ಕೇಳಿದ್ದಳು. ಇನ್ನೊಬ್ಬರು ಪಾತ್ರೆ ತಿಕ್ಕುವ ತಂತಿಯ ಜುಂಜು ಬಳಸಿದ್ದರು. ಒಬ್ಬ ವಕೀಲರು ಕಲೆ ಕಾಣದಿರಲೆಂದು ಶೇಂಗಾ ಎಣ್ಣೆ ಸವರಿ ತಿಕೋಟಾದವರೆಗೆ ಹೋಗಿ ಬಂದಿದ್ದರು. ಧೂಳು ಹತ್ತಿ ಕಾರು ಹಿಟ್ಟಿನಲ್ಲಿ ಹೊರಳಿಸಿದ ಹಾಗಾಗಿತ್ತು. "ಇದನ್ನ ಇನ್ನ ಕರೀಬೇಕಷ್ಟ," ಎಂದು ಅವಳು ಬೀಬಿಜಾನಳ ಎಣ್ಣೆಯ ಬಾಣಲೆಯತ್ತ ಕೈ ತೋರಿಸಿದ್ದಳು.

ವಿಷಯ ಅಷ್ಟೇನೂ ಕಷ್ಟದ್ದಲ್ಲ. ಈ ಭಾಗದ ಬೋರಿನ ನೀರಿನಲ್ಲಿ ಸುಣ್ಣದ ಅಂಶ ಹೆಚ್ಚು. ಹನಿ ಬಿಸಿಲಿಗೆ ಒಣಗಿದಾಗ ನೀರು ಹೋಗುತ್ತದೆ, ಸುಣ್ಣ ಉಳಿಯುತ್ತದೆ. ಮೊದಲ ವಾರ ಅದು ಬಣ್ಣದ ಮೇಲೆ ಸುಮ್ಮನೆ ಕೂತಿರುತ್ತದೆ. ವಿನೆಗರ್ ಮತ್ತು ಶುದ್ಧ ನೀರು ಸಮಸಮ ಬೆರೆಸಿ, ಬಟ್ಟೆ ಅದ್ದಿ, ನೆರಳಿನಲ್ಲಿ ಒಂದು ನಿಮಿಷ ಕಲೆಯ ಮೇಲಿಟ್ಟರೆ ಸಣ್ಣ ಗುಳ್ಳೆ ಏಳುತ್ತವೆ, ಕಲೆ ಬಿಡುತ್ತದೆ. ಆಮೇಲೆ ಬ್ಯಾಟರಿ ನೀರಿನಿಂದ ತೊಳೆದು ಒರೆಸಿದರೆ ಮುಗಿಯಿತು. ತಿಂಗಳುಗಟ್ಟಲೆ ಬಿಟ್ಟರೆ ಕಲೆ ಬಣ್ಣದ ಒಳಗೆ ಇಳಿಯುತ್ತದೆ. ಆಗ ಬಣ್ಣದ ಮೇಲಿರುವ ಪಾರದರ್ಶಕ ಪದರವನ್ನೇ ನಯವಾದ ಲೇಪದಿಂದ ತುಸು ಉಜ್ಜಿ ತೆಗೆಯಬೇಕು. ಆ ಪದರದ ಒಟ್ಟು ದಪ್ಪ ತಲೆಗೂದಲಿನಷ್ಟೂ ಇರುವುದಿಲ್ಲ. ಉಜ್ಜಿದಷ್ಟು ಹೋಯಿತು, ಮತ್ತೆ ಬೆಳೆಯುವುದಿಲ್ಲ. ಕಾರು ತೊಳೆದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿದರೆ ಇದಾವುದೂ ಬೇಕಿಲ್ಲ. ಇಷ್ಟನ್ನು ಐದು ವರ್ಷದಿಂದ ಹೇಳುತ್ತ ಬಂದವಳಿಗೆ ಕೇಳದವರ ಮೇಲೆ ತಿರಸ್ಕಾರ ಬೆಳೆದದ್ದರಲ್ಲಿ ಆಶ್ಚರ್ಯವಿಲ್ಲ.

ಅವಳು ಹುಟ್ಟಿದ್ದು ಬಿಜ್ಜರಗಿಯಲ್ಲಿ. ತಂದೆ ಮಲಕಾಜಪ್ಪನಿಗೆ ನೂರಿಪ್ಪತ್ತು ಕುರಿ. ಹಿಂಡು ಹೊರಡುವಾಗ ಅವನು ಕುರಿ ಕೂಡಿಹಾಕುವ ದಡ್ಡಿಯ ಬಾಯಲ್ಲಿ ನಿಂತು, ಒಂದು ಕುರಿಯತ್ತ ಕೋಲು ತೋರಿಸಿ, "ಇದಕ್ಕ ಆರಾಮಿಲ್ಲ" ಅನ್ನುತ್ತಿದ್ದ. ಅದಕ್ಕೆ ಆರಾಮಿರುತ್ತಿರಲಿಲ್ಲ. ಮಗಳಿಗೆ ಆ ನೋಟದ ಬಗ್ಗೆ ಬಹಳ ಹೆಮ್ಮೆ. ತಿಕೋಟಾದಲ್ಲಿ ಹತ್ತನೆಯ ತರಗತಿ ಮುಗಿಸಿದವಳು ಮುಂದೆ ವಿಜಯಪುರದ ಕಾಲೇಜೊಂದರ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆಯುವ ಕೆಲಸಕ್ಕೆ ಸೇರಿದಳು. ಹದಿನಾರು ವರ್ಷ ತೊಳೆದಳು. ಅಲ್ಲಿನ ಉಪನ್ಯಾಸಕಿ ವಿದ್ಯಾವತಿ ಪ್ರತಿ ಬೀಕರನ್ನೂ ಕಿಟಕಿಯ ಬೆಳಕಿಗೆ ಹಿಡಿಯುವರು. ಒಂದು ಚುಕ್ಕೆ ಕಂಡರೂ ವಾಪಸ್. ಹೀಗಾಗಿ ಗಾಜಿನ ಮೇಲೆ ನೀರು ಏನು ಬಿಟ್ಟು ಹೋಗುತ್ತದೆ, ಅದನ್ನು ಯಾವ ಆಮ್ಲ ಎಷ್ಟು ಹೊತ್ತಿನಲ್ಲಿ ಕರಗಿಸುತ್ತದೆ ಎಂಬುದು ಅವಳ ಕೈಗೆ ಅಭ್ಯಾಸವಾಯಿತು. ವಿದ್ಯಾವತಿ ಆಗಾಗ ಒಂದು ಮಾತು ಹೇಳುತ್ತಿದ್ದರು: "ಸುಧಾ, ಕಣ್ಣು ಹೇಳೂದು ಊಹೆ. ಪರೀಕ್ಷೆ ಹೇಳೂದು ಉತ್ತರ." ಅವರ ಬಿಳಿ ಕಾರಿನ ಕಲೆಗಳೇ ಅವಳು ಬಿಡಿಸಿದ ಮೊದಲ ಕಲೆಗಳು. ಕಾಲೇಜಿನಲ್ಲಿ ವಿದ್ಯಾರ್ಥಿಗಳು ಕಡಿಮೆಯಾಗಿ ಅವಳ ಕೆಲಸ ಹೋದಾಗ, ವಿನೆಗರ್, ಲಿಟ್ಮಸ್ ಕಾಗದದ ನಾಲ್ಕು ಪುಸ್ತಕ ಮತ್ತು ತೂತುಬಿದ್ದ ಹಳೆಯ ಏಪ್ರನ್ ತೆಗೆದುಕೊಂಡು ಈ ಶೆಡ್ಡಿಗೆ ಬಂದಳು.

ಆ ಮಂಗಳವಾರ ಒಂಬತ್ತೂ ಇಪ್ಪತ್ತೈದಕ್ಕೆ ಒಂದು ದೊಡ್ಡ ಕಪ್ಪು ಕಾರು ಬಂದು ನಿಂತಿತು. ಅದರಿಂದ ಇಳಿದವನು ಅರುಣಕುಮಾರ, ಒಣದ್ರಾಕ್ಷಿ ವ್ಯಾಪಾರಿ. ಮನೆ ವಿಜಯಪುರದಲ್ಲಿ, ನಿಡೋಣಿಯಲ್ಲಿ ಹನ್ನೆರಡು ಎಕರೆ ದ್ರಾಕ್ಷಿ. ಕಾರು ಕೊಂಡು ಆರು ತಿಂಗಳೂ ಆಗಿರಲಿಲ್ಲ. ಓಡಿಸಿಕೊಂಡು ಬಂದವನು ಅವನ ಡ್ರೈವರ್ ಚಂದ್ರಕಾಂತ, ಬಬಲೇಶ್ವರದವನು, ಐವತ್ತೊಂದು ವರ್ಷ. ಅವನು ಇಳಿದು ಬಾಗಿಲ ಬಳಿಯೇ ನಿಂತ.

ಸುಧಾರಾಣಿ ಮೊದಲು ಬೀಬಿಜಾನಳತ್ತ ನೋಡಿ ಹೇಳಿದಳು: "ಇಜಾಪುರದಾಗ ಕರಿ ಕಾರು ತಗೊಂಡಾವ, ಬ್ಯಾಸಗಿಯೊಳಗ ಕಂಬಳಿ ಹೊತ್ತಾವ, ಇಬ್ರೂ ಒಂದ."

ಅರುಣಕುಮಾರ ಕೇಳಿಸಿಕೊಳ್ಳಲಿಲ್ಲ, ಅಥವಾ ಕೇಳಿಸದವನಂತೆ ಇದ್ದ. "ಬಾಯಾರ, ಇದನ್ನ ನೋಡ್ರಿ. ಮೈ ತುಂಬ ಸಿಡಬು ಎದ್ದಂಗ ಆಗೇತಿ. ಇಂವಾ ನಾ ಏನೂ ಮಾಡಿಲ್ಲ ಅಂತಾನ. ಇವತ್ತ ಒಂದು ಫೈಸಲಾ ಆಗಬೇಕು. ನೀವು ಹೇಳಿದ್ದ ಖರೆ."

ಎಡಬದಿಯ ಬಾಗಿಲುಗಳ ಮೇಲೆ, ಬಾನೆಟ್ಟಿನ ಮೇಲೆ ನೂರಾರು ಬಿಳಿಚಿದ ಚುಕ್ಕೆಗಳಿದ್ದವು. ಸುಧಾರಾಣಿ ಎರಡು ಮೀಟರ್ ದೂರದಲ್ಲಿ ಕೈಕಟ್ಟಿ ನಿಂತು ನೋಡಿದಳು.

"ನೀರು," ಅಂದಳು. "ಬೋರಿನ ನೀರು. ಮಟಮಟ ಮಧ್ಯಾಹ್ನದಾಗ ತೊಳದಾರ, ಒರಸಿಲ್ಲ, ಬಿಸಲಾಗ ಬಿಟ್ಟು ಬೀಡಿ ಸೇದಾಕ ಹೋಗ್ಯಾರ."

"ಮುಟ್ಟಿ ನೋಡಲಿಲ್ಲಲ್ರೀ ನೀವು?" ಎಂದ ಚಂದ್ರಕಾಂತ.

"ನನಗ ನಾಲ್ಕು ಸೆಕೆಂಡ್ ಸಾಕು."

ಬೀಬಿಜಾನಳ ಗಾಡಿಯ ಮುಂದೆ ಚಹಾ ಕುಡಿಯುತ್ತಿದ್ದ ನಾಲ್ಕೈದು ಜನ ನಕ್ಕರು. ಚಂದ್ರಕಾಂತ ನಗಲಿಲ್ಲ. "ನಾ ಮುಂಜಾನೆ ಐದೂವರಿಗೆ ತೊಳೀತೇನ್ರಿ ಅಕ್ಕಾರ. ಒಣಾ ಅರಿವಿಲೆ ಒರಸತೇನಿ. ಹನ್ನೊಂದು ವರ್ಷ ಆತು ಇವರ ಗಾಡಿ ಹೊಡಿಯಾಕತ್ತು, ಒಂದು ದಿನ ಬಿಟ್ಟಿಲ್ಲ. ಬೀಡಿ ನಾ ಸೇದೂದಿಲ್ಲ." ಸೀಟಿನ ಕೆಳಗಿನಿಂದ ನಾಲ್ಕು ಮಡಿಕೆ ಮಾಡಿದ ಹಳದಿ ಬಟ್ಟೆ ತೆಗೆದು ಅವಳ ಮುಂದೆ ಹಿಡಿದ. "ಇದ ಅರಿವಿ ನೋಡ್ರಿ."

ಅವಳು ನೋಡಲಿಲ್ಲ. "ಒರಸಿದ ಗಾಡಿ ಹಿಂಗ ಇರತೈತೇನೋ, ಯಪ್ಪಾ? ಗಾಡಿಗೆ ಬರೇ ಅರಿವಿ ತೋರಿಸಿದ್ಯೋ ಏನು?"

ಮತ್ತೆ ನಗು. ಅರುಣಕುಮಾರನಿಗೆ ಬೇಕಾದದ್ದು ಸಿಕ್ಕಿತ್ತು. "ಕೇಳಿದಿ? ಜಿಲ್ಲಾದಾಗಿನ ಗಾಡಿ ನೋಡಿದಾಕಿ ಹೇಳಾಕತ್ತಾಳ. ಆರು ತಿಂಗಳದ ಗಾಡಿ ಹಾಳು ಮಾಡಿದಿ. ಕೀಲಿ ಇಡು. ನಾಳಿಂದ ಬರಬ್ಯಾಡ."

ಚಂದ್ರಕಾಂತ ಕೀಲಿಯನ್ನೂ ಬಟ್ಟೆಯನ್ನೂ ಅವಳ ಕಟ್ಟೆಯ ಮೇಲೆ ಇಟ್ಟ. ಬಸ್ ನಿಲ್ದಾಣದ ಕಡೆಗೆ ನಡೆದು ಹೋದ. ಬಬಲೇಶ್ವರದಲ್ಲಿ ಜೀಪು, ಕಾರು ಓಡಿಸುವವರೆಲ್ಲ ಒಬ್ಬರಿಗೊಬ್ಬರು ಗೊತ್ತು. ಕಾರು ಕೆಡಿಸಿದವನೆಂಬ ಮಾತು ಸಂಜೆಯೊಳಗೆ ಅವನಿಗಿಂತ ಮುಂದೆ ಊರು ಸೇರಿರುತ್ತದೆ. ಐವತ್ತೊಂದು ವರ್ಷದವನಿಗೆ ಆ ಮಾತಿನ ಮೇಲೆ ಇನ್ನೊಬ್ಬರು ಕೀಲಿ ಕೊಡುವುದಿಲ್ಲ. ಇದು ಅಲ್ಲಿದ್ದ ಎಲ್ಲರಿಗೂ ತಿಳಿದಿತ್ತು.

"ಗುರುವಾರ ಸಂಜಿಗೆ ಬರ್ರಿ," ಎಂದು ಸುಧಾರಾಣಿ ಅರುಣಕುಮಾರನಿಗೆ ಹೇಳಿ, ಕಾರನ್ನು ನೆರಳಿಗೆ ತಳ್ಳಿಸಿದಳು.

ಹನ್ನೊಂದು ಗಂಟೆಗೆ, ಲೋಹ ತಣ್ಣಗಾದ ಮೇಲೆ, ಮೊದಲ ಬಟ್ಟೆಯನ್ನು ಬಾನೆಟ್ಟಿನ ಮೇಲಿಟ್ಟಳು. ಒಂದು ನಿಮಿಷ. ಗುಳ್ಳೆ ಏಳಲಿಲ್ಲ. ಎರಡನೆಯ ಸಲ ಎರಡು ನಿಮಿಷ ಇಟ್ಟಳು. ಕಲೆ ಹಾಗೇ ಇತ್ತು. ಉಗುರಿನಿಂದ ಸವರಿದಳು. ಸುಣ್ಣವಾದರೆ ಚುಕ್ಕೆ ಉಬ್ಬಿರಬೇಕು, ಇದು ತಗ್ಗಾಗಿತ್ತು. ಬಾನೆಟ್ಟಿನ ಚುಕ್ಕೆಗಳಲ್ಲೆಲ್ಲ ಕಣ್ಣಿಗೆ ಕಾಣುವಷ್ಟು ಕುಳಿ.

"ಹಳೇ ಕಲಿ," ಅಂದುಕೊಂಡಳು. ಹಳೆಯ ಕಲೆಯಾದರೆ ಗಾಜಿನ ಮೇಲೆ ಪದರಗಟ್ಟಿ ಕೂತಿರಬೇಕು ಎಂದು ಎಡಬದಿಯ ಕಿಟಕಿಗೆ ಬಗ್ಗಿದಳು.

ಗಾಜು ಸ್ವಚ್ಛವಾಗಿತ್ತು.

ಅವಳು ಬ್ಯಾಟರಿ ಟಾರ್ಚ್ ತಂದು ಓರೆಯಾಗಿ ಹಿಡಿದಳು. ಎಡಬದಿಯ ಎರಡೂ ಕಿಟಕಿಯ ಮೇಲೆ ಒಂದೇ ಒಂದು ಚುಕ್ಕೆ ಇರಲಿಲ್ಲ. ಬಲಬದಿಯ ಕಿಟಕಿಗಳಲ್ಲಿ ಮಾತ್ರ ಈ ಊರಿನ ಎಲ್ಲ ಕಾರುಗಳಂತೆ ತೆಳುವಾದ ಬಿಳಿ ಮಸುಕು ಇತ್ತು. ಹಾಳಾದ ಬದಿಯ ಗಾಜು ಚೆನ್ನಾಗಿದೆ, ಚೆನ್ನಾಗಿರುವ ಬದಿಯ ಗಾಜಿನಲ್ಲಿ ಕಲೆ ಇದೆ. ನೀರು ಹೀಗೆ ಮಾಡಲಾರದು. ನೀರು ಗಾಜನ್ನು ಬಿಟ್ಟು ಬಣ್ಣವನ್ನು ಮಾತ್ರ ಹಿಡಿಯುವುದಿಲ್ಲ. ಬಣ್ಣವನ್ನು ತಿಂದು, ಗಾಜಿನ ಸುಣ್ಣವನ್ನು ಕರಗಿಸಿ, ಗಾಜನ್ನು ಹಾಗೇ ಬಿಡುವ ವಸ್ತುವನ್ನು ಅವಳು ಹದಿನಾರು ವರ್ಷ ದಿನಾ ಕೈಯಲ್ಲಿ ಹಿಡಿದಿದ್ದಳು. ಅದು ಆಮ್ಲ. ಕಿಟಕಿಯ ಕೆಳಗಿನ ಹೊಳಪಿನ ಪಟ್ಟಿಯೂ ಮಂಕಾಗಿರುವುದನ್ನು ಅವಳು ಆಗ ಕಂಡಳು.

ಊಹೆಯ ಮೇಲೆ ಒಮ್ಮೆ ಮಾತಾಡಿ ಆಗಿತ್ತು. ಇನ್ನೊಮ್ಮೆ ಬೇಡ ಎಂದು ಲಿಟ್ಮಸ್ ಕಾಗದ ತೆಗೆದಳು. ವಿನೆಗರ್ ತಾನೇ ಆಮ್ಲವಾದ್ದರಿಂದ ಅದು ಮುಟ್ಟಿದ ಜಾಗದಲ್ಲಿ ಪರೀಕ್ಷೆ ಮಾಡಿ ಉಪಯೋಗವಿಲ್ಲ. ಅದು ಮುಟ್ಟದ ಜಾಗ ಎಂದರೆ ಎಡಬದಿಯ ಡೀಸೆಲ್ ಮುಚ್ಚಳದ ಒಳಸಂದಿ. ಅಲ್ಲಿ ಒಂದು ಹನಿ ಬ್ಯಾಟರಿ ನೀರು ಬಿಟ್ಟು ನೀಲಿ ಕಾಗದ ಒತ್ತಿದಳು. ಕೆಂಪಾಯಿತು. ಬಲಬದಿಯ ಬಾಗಿಲ ಸಂದಿಯಲ್ಲಿ ಅದೇ ರೀತಿ ಮಾಡಿದಳು. ನೀಲಿಯಾಗೇ ಉಳಿಯಿತು.

ಆಮೇಲೆ ಕಟ್ಟೆಯ ಮೇಲೆ ಮಡಿಸಿಟ್ಟಿದ್ದ ಹಳದಿ ಬಟ್ಟೆ ಕಣ್ಣಿಗೆ ಬಿತ್ತು. ಬಿಡಿಸಿದಳು. ಒಗೆದು ಒಗೆದು ಮೆತ್ತಗಾದ ಹತ್ತಿಯ ಬಟ್ಟೆ. ನಡುವೆ ಸಾಸಿವೆಯಷ್ಟು ಅಗಲದ ತೂತುಗಳು, ಅಂಚು ಕಂದು. ಅವಳ ಗೋಡೆಗೆ ತೂಗುಹಾಕಿದ್ದ ಏಪ್ರನ್ನಿನಲ್ಲೂ ಅಂಥವೇ ತೂತುಗಳಿದ್ದವು, ಅವೇ ಕಂದು ಅಂಚು. ಆಮ್ಲ ಬಿದ್ದ ಕಾರನ್ನು ಈ ಬಟ್ಟೆಯಿಂದ ಯಾರೋ ಒರೆಸಿದ್ದರು. ಅವನು ಒರೆಸಿದ್ದ. ಆ ಸಾಕ್ಷಿಯನ್ನು ಅವಳ ಮೂಗಿನ ಮುಂದೆಯೇ ಹಿಡಿದಿದ್ದ.

"ಯಾಕ ಬೇ, ನಾಲ್ಕು ಸೆಕೆಂಡಿನ ಕೆಲಸಾ ಮಧ್ಯಾಹ್ನ ಆದ್ರೂ ಮುಗೀಲಿಲ್ಲ?" ಎಂದು ಬೀಬಿಜಾನ ಚಹಾ ತಂದಿಟ್ಟಳು.

"ಬಾಯಿ ಮುಚ್ಚು," ಅಂದಳು ಸುಧಾರಾಣಿ. ಚಹಾ ಆರಿತು.

ಆಮ್ಲ ಎಂಬುದಷ್ಟೇ ಗೊತ್ತಾದರೆ ಸಾಲದಿತ್ತು. ಅರುಣಕುಮಾರನಿಗೆ ಹೇಳಿದರೆ, "ಹಂಗಾರ ಅದನ್ನೂ ಡ್ರೈವರನ ಹಾಕ್ಯಾನ" ಅನ್ನುತ್ತಾನೆ. ಯಾವ ಕೈ ಎಂದು ತಿಳಿಯಬೇಕಿತ್ತು. ಅಡುಗೆ ಸೋಡಾ ಕರಗಿಸಿದ ನೀರಿನಿಂದ ಇಡೀ ಎಡಬದಿಯನ್ನು ಎರಡು ಸಲ ತೊಳೆದು, ಉಳಿದ ಆಮ್ಲ ಇನ್ನೂ ತಿನ್ನದಂತೆ ಮಾಡಿ, ಮರುದಿನ ಬೆಳಗ್ಗೆ ಅವಳು ಬಬಲೇಶ್ವರದ ಬಸ್ ಹತ್ತಿದಳು.

ಚಂದ್ರಕಾಂತನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಜೀಪ್ ನಿಲ್ಲುವ ಕಡೆ ಕೇಳಿದಾಗ ಒಬ್ಬ, "ಆ ಕಾರು ಸುಟ್ಟಾವನ ಮನೀ ಏನ್ರಿ?" ಎಂದ. ಅವಳು ಸುಮ್ಮನೆ ಹೌದೆಂದಳು.

ಬಾಗಿಲು ತೆರೆದವಳು ಅವನ ಹೆಂಡತಿ ರೇಣುಕಾ. ಬಂದವಳು ಯಾರೆಂದು ತಿಳಿದ ಮೇಲೆ ಒಳಗೆ ಕರೆಯಲಿಲ್ಲ. ಚಂದ್ರಕಾಂತ ಹೊರಗೆ ಬಂದು ಕಟ್ಟೆಯ ಮೇಲೆ ಕೂತ.

"ಇವತ್ತ ಎಷ್ಟು ಸೆಕೆಂಡಿನ ಕೆಲಸಾ ತಗೊಂಡು ಬಂದೀರಿ?"

"ಆಸಿಡ್ ಬಿದ್ದೇತಿ ಗಾಡಿ ಮ್ಯಾಲ," ಎಂದಳು. "ನೀರಲ್ಲ."

"ನಿನ್ನೆ ನೀರಿತ್ತು."

"ನಿನ್ನೆ ನಾ ಗಾಜು ನೋಡಲಿಲ್ಲ. ನಿನ್ನ ಅರಿವೀನೂ ನೋಡಲಿಲ್ಲ."

ಅವನು ಅವಳನ್ನು ಅಳೆಯುವವನಂತೆ ನೋಡಿದ. "ಹದಿನಾರು ವರ್ಷ ಗಾಜು ತೊಳದೀನಿ ಅಂತ ಎಲ್ಲಾರಿಗೂ ಹೇಳ್ತೀರಂತ. ಗಾಜ ನೋಡಲಿಲ್ಲಾ? ಕುರುಬರಾಕಿ ದಡ್ಡಿಗೆ ಹೋಗಿ ಕುರಿ ಕಾಣಲಿಲ್ಲ ಅಂದಂಗ ಆತು."

ಸುಧಾರಾಣಿಗೆ ಇಂಥ ಮಾತು ಹೇಳಿ ಗೊತ್ತಿತ್ತು, ಕೇಳಿ ಗೊತ್ತಿರಲಿಲ್ಲ. "ಶುಕ್ರವಾರ ಒರಸಿದಾಗ ಅರಿವಿ ಹೆಂಗಿತ್ತು?" ಎಂದು ಕೇಳಿದಳು.

"ನಾ ಶುಕ್ರವಾರ ಅಂತ ಹೇಳೇ ಇಲ್ಲಲ್ಲ."

"ತೂತಿನ ಅಂಚು ಇನ್ನೂ ಹೊಸಾದು. ಅದರ ಮ್ಯಾಲ ಮೂರ್ನಾಕ ಸಲಕ್ಕಿಂತ ಹೆಚ್ಚ ಒಗದಿಲ್ಲ. ದಿನಾ ಒಂದ ಸಲ ಅಂತ ಹಿಂದಕ್ಕ ಎಣಿಸಿದೆ."

ಅದು ಅವನಿಗೆ ಹಿಡಿಸಿತು. ಹೇಳತೊಡಗಿದ. ಗುರುವಾರ ಅವನನ್ನು ಪಿಕಪ್ ಗಾಡಿ ಕೊಟ್ಟು ಒಣದ್ರಾಕ್ಷಿ ಸಾಗಿಸಲು ಕಳಿಸಿದ್ದರು. ಕಾರು ಬೆಳಗಿನಿಂದ ಸಂಜೆಯವರೆಗೆ ನಿಡೋಣಿಯ ತೋಟದಲ್ಲಿತ್ತು. ಶುಕ್ರವಾರ ನಸುಕಿಗೆ ಒರೆಸುವಾಗ ಬಟ್ಟೆ ಜಿಗುಟಾಯಿತು, ಕೈ ಉರಿಯಿತು. ದ್ರಾಕ್ಷಿಗೆ ಹೊಡೆಯುವ ಔಷಧ ಸಿಡಿದಿರಬೇಕು ಎಂದುಕೊಂಡು ಬಟ್ಟೆ ಒಗೆದಿದ್ದ. ಚುಕ್ಕೆ ಶನಿವಾರ ಕಂಡವು.

"ನಡಿ, ತ್ವಾಟಕ್ಕ ಹೋಗೂಣು," ಎಂದಳು ಸುಧಾರಾಣಿ.

"ನನ್ನ ಬರಬ್ಯಾಡ ಅಂದಾರ."

"ನನಗ ಯಾರೂ ಅಂದಿಲ್ಲ. ನೀ ಗ್ಯಾಟಿನ ಹೊರಗ ನಿಂದ್ರು."

ಅವನ ಮೋಟರ್ ಸೈಕಲ್ ಮೇಲೆ ನಿಡೋಣಿಗೆ ಹೋದರು. ತೋಟದಲ್ಲಿ ಹಸಿರು ಬಲೆಯ ಶೆಡ್ಡಿನ ಕೆಳಗೆ ಒಣದ್ರಾಕ್ಷಿ ಆರಿಸುವ ಹೆಂಗಸರ ನಡುವೆ ಅರುಣಕುಮಾರನ ತಾಯಿ ಕಾಶಿಬಾಯಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ಕಾರಿನ ಕಲೆ ಬಿಡಿಸುವವಳು ಬಂದಿದ್ದಾಳೆ ಎಂದಾಗ ಮುದುಕಿಗೆ ಸಂತೋಷವೇ ಆಯಿತು.

"ಬಾರವ್ವಾ, ಕೂಡು. ಹಣ್ಣು ತಿನ್ನು. ಅಲ್ಲ, ಮತ್ತ ಕಲಿ ಬಿದ್ದಾವಂತಲ್ಲ? ನಮ್ಮ ಅರುಣ ಒಮ್ಮೆ ಎಲ್ಲಾ ಬಿಡಿಸಿದ್ದ."

"ಯಾವಾಗ್ರಿ ಅವ್ವಾರ?"

"ಹೋದ ಗುರುವಾರ. ನಾ ಇಲ್ಲೇ ಕುಂತಿದ್ದೆ. ಡ್ರಿಪ್ಪಿನ ಪೈಪಿಗೆ ಬಿಡೂ ಆಸಿಡ್ ಇತ್ತಲ್ಲ, ಅದನ್ನ ನೀರಾಗ ಕಲಸಿ, ಬೆನ್ನಿನ ಪಂಪಿಗೆ ಹಾಕಿ, ದ್ರಾಕ್ಷಿಗೆ ಹೊಡದಂಗ ಕಾರಿಗೆ ಹೊಡದ. 'ಪೈಪಿನ ಸುಣ್ಣಾ ಬಿಡ್ತೈತಿ, ಕಾರಿಂದು ಬಿಡೂದಿಲ್ಲೇನಬೇ' ಅಂದ. ಒಂದ ಬಾಜೂ ಹೊಡಿಯೂದ್ರಾಗ ಆಸಿಡ್ ತೀರಿತು. ಗಾಜು ಅಂತೂ ಕನ್ನಡಿ ಆಗಿತ್ತವ್ವಾ! ಸಣ್ಣಾವ ಇದ್ದಾಗಿಂದ ಅಂವಾ ಭಾಳ ಶ್ಯಾಣ್ಯಾ."

ಸುಧಾರಾಣಿ ಒಂದು ದ್ರಾಕ್ಷಿ ಬಾಯಿಗೆ ಹಾಕಿಕೊಂಡು, "ಹೌದ್ರಿ, ಭಾಳ ಶ್ಯಾಣ್ಯಾ," ಎಂದಳು.

ಹನಿ ನೀರಾವರಿಯ ಪೈಪಿನ ತೂತುಗಳಲ್ಲಿ ಬೋರಿನ ಸುಣ್ಣ ಕಟ್ಟಿಕೊಳ್ಳುತ್ತದೆ. ಅದನ್ನು ಕರಗಿಸಲು ದ್ರಾಕ್ಷಿ ಬೆಳೆಗಾರರು ಗಂಧಕಾಮ್ಲ ಬಿಡುವುದು ವಾಡಿಕೆ. ಪೈಪು ಪ್ಲಾಸ್ಟಿಕ್ಕಿನದು, ಆಮೇಲೆ ತಾಸುಗಟ್ಟಲೆ ಬರೀ ನೀರು ಹಾಯುತ್ತದೆ. ಕಾರಿನ ಮೇಲೆ ಹಾಗೆ ಯಾರೂ ನೀರು ಹಾಯಿಸಿರಲಿಲ್ಲ. ಪಂಪಿನಿಂದ ಬಿದ್ದ ಗಂಧಕಾಮ್ಲದ ಹನಿಯಲ್ಲಿ ಬಿಸಿಲಿಗೆ ನೀರು ಮಾತ್ರ ಆವಿಯಾಗುತ್ತದೆ, ಆಮ್ಲ ಉಳಿಯುತ್ತದೆ. ಹನಿ ಸಣ್ಣದಾದಷ್ಟೂ ತೀಕ್ಷ್ಣವಾಗುತ್ತದೆ. ಏಪ್ರಿಲ್ ಬಿಸಿಲಿನ ಕಪ್ಪು ಲೋಹದ ಮೇಲೆ ಅದಕ್ಕೆ ಒಂದು ಮಧ್ಯಾಹ್ನ ಸಾಕು. ನೀರಿನ ಕಲೆ ನಿಜವಾಗಿಯೂ ಹೋಗಿತ್ತು. ಅದರ ಜಾಗದಲ್ಲಿ ಕುಳಿ ಬಂದಿತ್ತು.

ಗೇಟಿನ ಹೊರಗೆ ಬಂದು ಅವಳು ಇದನ್ನು ಚಂದ್ರಕಾಂತನಿಗೆ ಹೇಳಿದಳು. ದಾರಿಯುದ್ದಕ್ಕೂ ಅವಳ ಬಾಯಿ ನಿಲ್ಲಲಿಲ್ಲ. "ಪೈಪಿಗೆ ತಾಸು ನೀರು ಬಿಡ್ತಾನ, ಲಕ್ಷಗಟ್ಟಲೆ ಗಾಡಿಗೆ ಒಂದು ಚರಿಗಿ ಇಲ್ಲ. ಔಷಧ ಹೊಡಿಯಾಕ ಕಾರಂದ್ರ ದ್ರಾಕ್ಷಿ ಬಳ್ಳಿ ಏನು? ಇಂಥವರ ಕೈಯಾಗ ಪಂಪ್ ಕೊಟ್ಟಾವನ್ನ ಮೊದಲ ಹೊಡೀಬೇಕು. ಮುಟ್ಟಿ ನೋಡಿಲ್ಲ, ಒಂದು ಮೂಲಿಗೆ ಹಚ್ಚಿ ನೋಡಿಲ್ಲ..."

"ನೀವೂ ಮುಟ್ಟಿ ನೋಡಲಿಲ್ರಿ," ಎಂದ ಚಂದ್ರಕಾಂತ, ತಿರುಗದೆ.

ಆಗ ಅವಳಿಗೆ ಬಿಜ್ಜರಗಿಯ ದಡ್ಡಿಯ ಬಾಯಿ ನೆನಪಾಯಿತು. ಮಲಕಾಜಪ್ಪ ಕೋಲು ತೋರಿಸುತ್ತಿದ್ದದ್ದು ನಿಜ. ಆದರೆ ತೋರಿಸುವ ಮುಂಚೆ ಪ್ರತಿ ಸಲ ಅವನು ಆ ಕುರಿಯ ಹತ್ತಿರ ಹೋಗಿ, ಹೆಬ್ಬೆರಳಿನಿಂದ ಅದರ ಕೆಳರೆಪ್ಪೆ ಇಳಿಸಿ, ಒಳಗಿನ ಕೆಂಪು ನೋಡುತ್ತಿದ್ದ. ಆಮೇಲೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದ. ಅದನ್ನು ಅವಳು ಮರೆತಿದ್ದಳು. ಕೋಲು ಮಾತ್ರ ನೆನಪಿಟ್ಟುಕೊಂಡಿದ್ದಳು.

ಬುಧವಾರ ಮಧ್ಯಾಹ್ನ ಮತ್ತು ಗುರುವಾರ ಇಡೀ ದಿನ ಅವಳು ಕೆಲಸ ಮಾಡಿದಳು. ಬಾಗಿಲುಗಳ ಮೇಲಿನ ಕುಳಿಗಳು ಆಳವಿರಲಿಲ್ಲ. ಅಂಗೈ ಅಗಲದ ಜಾಗ ಗುರುತು ಮಾಡಿಕೊಂಡು, ಲೇಪ ಹಚ್ಚಿ, ಮೆಲ್ಲಗೆ ಉಜ್ಜಿ, ಒರೆಸಿ, ಟಾರ್ಚ್ ಹಿಡಿದು, ಮುಂದಿನ ಅಂಗೈಗೆ ಹೋದಳು. ಬಾನೆಟ್ಟಿನ ಮೇಲೆ ಹದಿನೇಳು ಕುಳಿ ಉಳಿದವು. ಅವನ್ನು ತೆಗೆಯಹೋದರೆ ಮೇಲಿನ ಪದರ ಪೂರ್ತಿ ಹೋಗುತ್ತಿತ್ತು. ಬಿಟ್ಟಳು.

ಗುರುವಾರ ಸಂಜೆ ಐದಕ್ಕೆ ಅರುಣಕುಮಾರ ಬಂದ. ಬೀಬಿಜಾನಳ ಗಾಡಿಯ ಮುಂದೆ ಮಂಗಳವಾರದಷ್ಟೇ ಜನರಿದ್ದರು. ಕಾರಿನ ಸುತ್ತ ತಿರುಗಿ, "ವ್ಹಾ," ಎಂದ. "ಈಗ ಗಾಡಿ ಆತು. ಆ ಮಂಗ್ಯಾನಿಂದ ಏನು ತ್ರಾಸು!"

"ಬಾನೆಟ್ಟಿನ ಮ್ಯಾಲ ಹದಿನೇಳು ಉಳದಾವ. ಅವು ಹೋಗೂದಿಲ್ಲ. ಅವು ಆ ಮಂಗ್ಯಾನೂ ಮಾಡಿಲ್ರಿ," ಎಂದಳು ಸುಧಾರಾಣಿ. "ಡ್ರಿಪ್ಪಿನ ಆಸಿಡ್ ಮಾಡೇತಿ. ಹೋದ ಗುರುವಾರ, ಬೆನ್ನಿನ ಪಂಪಿಲೆ."

ಅವನ ಮುಖ ಬದಲಾಯಿತು. "ಯಾರಂದ್ರು?"

"ನಿಮ್ಮವ್ವಾರು. ಭಾಳ ಅಭಿಮಾನಲೆ ಹೇಳಿದ್ರು."

ಜನ ನಕ್ಕರು. ಅರುಣಕುಮಾರ ಗಾಜಿನತ್ತ ಕೈ ಮಾಡಿದ. "ಅವತ್ತ ಸಂಜಿಗೆ ಕಲಿ ಹೋಗಿದ್ದು ಖರೇನ! ಗಾಜು ನೋಡಬೇಕಿತ್ತು ನೀವು!"

"ನೋಡೇನ್ರಿ. ಅದ ನಿಮ್ಮನ್ನ ತೋರಿಸಿ ಕೊಟ್ಟಿದ್ದು."

ಅವನು ನಿಜವಾಗಿಯೂ ತಿಳಿಯದೆ ಮಾಡಿದ್ದ. ಎರಡನ್ನೂ ಜೋಡಿಸಿ ನೋಡುವ ಬುದ್ಧಿ ಅವನಿಗೆ ಹೊಳೆದಿರಲಿಲ್ಲ. ಆದರೆ ಜನರ ಮುಂದೆ ಸೋಲುವ ಅಭ್ಯಾಸ ಇಲ್ಲದವನು. ಸಿಕ್ಕ ಕಲ್ಲನ್ನು ಎತ್ತಿಕೊಂಡ. "ಅಲ್ಲಾ, ನೀನ ನೀರು ಅಂದಾಕಿ! ಇವರೆಲ್ಲಾ ಕೇಳ್ಯಾರ. ನೀ ಹೇಳಿದ್ದಕ್ಕ ನಾ ಅವನ್ನ ಬಿಡಿಸಿದೆ."

ಬೀಬಿಜಾನ ಕೆಟಲ್ ಎತ್ತಿದ ಕೈಯನ್ನು ಹಾಗೇ ನಿಲ್ಲಿಸಿದಳು.

"ಹೌದ್ರಿ," ಎಂದಳು ಸುಧಾರಾಣಿ, ಎಲ್ಲರಿಗೂ ಕೇಳುವಂತೆ. "ನಾ ತಪ್ಪು ಹೇಳಿದೆ. ನೀವು ತಿಳೀದ ಮಾಡಿದ್ರಿ. ನಾ ತಿಳದಾಕಿ, ನೋಡದ ಹೇಳಿದೆ. ನಿಮ್ಮದಕ್ಕಿಂತ ನಂದು ಹಲಕಟ್ಟ ಕೆಲಸ. ಚಂದ್ರಕಾಂತ ಒರಸ್ಯಾನ. ಬಾನೆಟ್ಟು ನೆಟ್ಟ ಬಿಸಲಿಗೆ ಅವತ್ತ ಸುಟ್ಟಿತ್ತು. ಅಂವಾ ಒರಸಿದ್ದಕ್ಕ ಬಾಗಿಲಾ ಉಳದಾವ, ಇಲ್ಲಂದ್ರ ಅವೂ ಬಾನೆಟ್ಟಿನಂಗ ಆಗತಿದ್ವು. ಅರಿವಿ ಇಲ್ಲೈತಿ, ತೂತು ಎಣಿಸಿಕೋರಿ."

ಯಾರೂ ನಗಲಿಲ್ಲ. ಸುಧಾರಾಣಿಯ ಬಾಯಲ್ಲಿ ಇಂಥದೊಂದು ಮಾತನ್ನು ಆ ರಸ್ತೆಯಲ್ಲಿ ಯಾರೂ ಕೇಳಿರಲಿಲ್ಲ.

ಅರುಣಕುಮಾರ ಕಟ್ಟೆಯ ಮೇಲಿನ ಕೀಲಿಗೆ ಕೈ ಚಾಚಿದ. ಅವಳು ಅದರ ಮೇಲೆ ಕೈಯಿಟ್ಟಳು. "ಇದನ್ನ ಅಂವಾ 'ತಗೋರಿ' ಅಂತ ನಿಮ್ಮ ಕೈಯಾಗ ಕೊಟ್ಟಿಲ್ಲ. ನಾ ಆಡಿದ ಮಾತಿಗೆ ಇಲ್ಲಿ ಇಟ್ಟು ಹೋಗ್ಯಾನ. ಅಂವನ ಬಂದು ತಗೊಳ್ಳಲಿ. ಫೋನ್ ಹಚ್ಚರಿ."

"ಮನ್ಯಾಗ ಇನ್ನೊಂದು ಕೀಲಿ ಐತಿ."

"ತರ್ರಿ ಹಂಗಾರ. ನಿಮ್ಮ ಗಾಡಿ. ಹದಿನೇಳು ಚುಕ್ಕಿ ಎಲ್ಲಿಂದ ಬಂದ್ವು ಅಂತ ಯಾರರೆ ಕೇಳಿದ್ರ ಇವರು ಹೇಳ್ತಾರ." ಚಹಾ ಕುಡಿಯುವವರತ್ತ ಅವಳು ನೋಡಲೂ ಇಲ್ಲ.

ಅರುಣಕುಮಾರ ಫೋನ್ ಹಚ್ಚಿದ. ಎರಡು ಸಲ ಚಂದ್ರಕಾಂತ ಎತ್ತಲಿಲ್ಲ. ಮೂರನೆಯ ಸಲ ಎತ್ತಿದ. "ಏನಪಾ, ಆಗಿದ್ದು ಆತು, ನಾಳೆ ಬಾ," ಎಂದ ಅರುಣಕುಮಾರ. ಆ ಕಡೆಯಿಂದ ಏನೋ ಕೇಳಿದ್ದಕ್ಕೆ ತುಸು ತಡೆದು, "ನೀರಲ್ಲ. ಆಸಿಡ್. ...ನಾನ ಹಾಕಿದ್ದೆ," ಎಂದು ಸಣ್ಣ ದನಿಯಲ್ಲಿ ಹೇಳಿದ. ಆಮೇಲೆ ಫೋನನ್ನು ಸುಧಾರಾಣಿಗೆ ಕೊಟ್ಟ. "ನಿಮ್ಮ ಜೋಡಿ ಮಾತಾಡಬೇಕಂತ."

"ಚಾದ ಬೀಬಿಜಾನ ಅದಾರೇನ್ರಿ ಅಲ್ಲೆ?" ಎಂದ ಚಂದ್ರಕಾಂತ.

"ಅದಾಳ."

"ಅವತ್ತ ನಕ್ಕವ್ರು?"

"ಎಲ್ಲಾರೂ ಅದಾರ. ಎಲ್ಲಾರಿಗೂ ಹೇಳೇನಿ."

"ಹಂಗಾರ ಬರ್ತೇನಿ."

ಶುಕ್ರವಾರ ಬೆಳಗ್ಗೆ ಆರೂಕಾಲಿಗೆ ಅವನು ಬಂದ. ಕೀಲಿ ತೆಗೆದುಕೊಂಡ. ಅವಳು ಕೊಟ್ಟ ಹೊಸ ಬಟ್ಟೆಯನ್ನು ಬೆರಳ ನಡುವೆ ತಿಕ್ಕಿ ನೋಡಿ, ಪರವಾಗಿಲ್ಲ ಎಂಬಂತೆ ಮಡಿಸಿ ಸೀಟಿನ ಕೆಳಗೆ ಇಟ್ಟ. ಹಳೆಯದನ್ನೂ ಒಯ್ದ. ಬೀಬಿಜಾನ ಅವನಿಂದ ಚಹಾಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. "ಆ ನೀರಿನ ಚಾ, ಕುಡದದ್ದ ದೊಡ್ಡದು," ಎಂದು ಸುಧಾರಾಣಿಯ ಮಾತನ್ನೇ ತಿರುಗಿಸಿದಳು.

ಸುಧಾರಾಣಿ ಇದರಿಂದ ಮೃದುವಾಗಿಲ್ಲ. ಹೋದ ತಿಂಗಳು ಕಾರಿಗೆ ನಿಂಬೆಹುಳಿ ಹಚ್ಚಿ ಮಧ್ಯಾಹ್ನವಿಡೀ ಬಿಟ್ಟವನೊಬ್ಬನಿಗೆ, "ಉಪ್ಪಿನಕಾಯಿ ಹಾಕಾಕತ್ತಿದ್ರೇನ್ರಿ?" ಎಂದು ಕೇಳಿದಳು. ಆದರೆ ಕೇಳುವ ಮುಂಚೆ ಗಾಜನ್ನು ಓರೆ ಬೆಳಕಿನಲ್ಲಿ ನೋಡಿದ್ದಳು, ಚುಕ್ಕೆಯನ್ನು ಉಗುರಿನಿಂದ ಸವರಿದ್ದಳು, ಎರಡು ಕಡೆ ಕಾಗದ ಒತ್ತಿದ್ದಳು. ಈಗ ಅವಳ ಮೊದಲ ಮಾತಿಗೆ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಗಿರಾಕಿಗಳು ಗೊಣಗುತ್ತಾರೆ.

ಗೋಡೆಯ ಮೇಲೆ ದಿನಾ ಬೆಳಗ್ಗೆ ಮೂರು ನೀರಿನ ಮೂರು ಅಂಕಿಗಳನ್ನು ಅಳಿಸಿ ಹೊಸದಾಗಿ ಬರೆಯುತ್ತಾಳೆ. ಅವುಗಳ ಕೆಳಗೆ ಎಣ್ಣೆಬಣ್ಣದಿಂದ ಬರೆದ ಇನ್ನೊಂದು ಸಾಲಿದೆ. ಅದು ಅಳಿಯುವುದಿಲ್ಲ. ಹೊಸಬರು ಇದೇನೆಂದು ಕೇಳಿದರೆ ಅವಳು ಉತ್ತರ ಕೊಡುವುದಿಲ್ಲ. ಬೀಬಿಜಾನ ಕೊಡುತ್ತಾಳೆ, ರಸ್ತೆಯ ಆಚೆಯಿಂದ, ಕೂಗಿ. ಏಪ್ರಿಲ್ ಎಂಟರ ಬೆಳಗ್ಗೆ ಕಪ್ಪು ಕಾರಿನಿಂದ ಎರಡು ಮೀಟರ್ ದೂರ ಕೈಕಟ್ಟಿ ನಿಂತು ಸುಧಾರಾಣಿ ಎಲ್ಲರೆದುರು ಹೇಳಿದ ಲೆಕ್ಕ ಅದು: ನಾಲ್ಕು ಸೆಕೆಂಡ್.